ಹಾನಗಲ್ಲು–ಶಿಗ್ಗಾಂವಿ ಸೀಮೆಯ ವಾದ್ಯಗಳು

ದಕ್ಷಿಣ ಭಾರತದ ಸಂಗೀತವಾದ್ಯಗಳನ್ನು ಕುರಿತು ಬರೆಯುವವರು ತಂಜಾವೂರು, ಮೈಸೂರು, ತಿರುವಾಂಕೂರುಗಳ ಆಸ್ಥಾನಗಳಿಂದ ಮೊದಲುಮಾಡಿ, ವೀಣೆ ಮೃದಂಗಗಳ ಮಹಿಮೆಯನ್ನು ಸವಿಸ್ತಾರವಾಗಿ ವರ್ಣಿಸಿ, ಗ್ರಾಮವಾದ್ಯಗಳಿಗೆ ಕಡೆಯಲ್ಲಿ ನಾಲ್ಕಾರು ಪಂಕ್ತಿಗಳನ್ನು ಮೀಸಲಿಡುವುದು ವಾಡಿಕೆಯಾಗಿದೆ. ಈ ಕ್ರಮದಿಂದ ಶಾಸ್ತ್ರೀಯವಾದ್ಯಗಳೂ ಜಾನಪದವಾದ್ಯಗಳೂ ಎರಡು ಬೇರೆ ಕುಲಗಳಿಗೆ ಸೇರಿದವೆಂಬ ಭಾವನೆ ಓದುಗರಲ್ಲಿ ಬೇರೂರಿರುವುದು ಸಹಜವೇ ಆದರೂ, ಒಂದು ಚಿಕ್ಕ ಸೀಮೆಯನ್ನು ಆರಿಸಿಕೊಂಡು, ಅಲ್ಲಿನ ಗುಡಿ, ಮಠ, ಜಾತ್ರೆ, ಬಯಲಾಟದ ಅಟ್ಟ, ಸಂಗೀತಶಾಲೆಗಳಲ್ಲಿ ಕೇಳಿಬರುವ ವಾದ್ಯಗಳನ್ನು ಒಂದರ ಮಗ್ಗುಲಲ್ಲಿ ಇನ್ನೊಂದನ್ನಿಟ್ಟು ನೋಡಿದಲ್ಲಿ ಆ ಭಾವನೆಯು ಬಹಳ ಹೊತ್ತು ನಿಲ್ಲಲಾರದು. ಮರವು ಒಂದೇ, ತೊಗಲು ಒಂದೇ, ಸೋರೆಬುರುಡೆಯೂ ಒಂದೇ. ಭೇದವಿರುವುದು ವಾದ್ಯವನ್ನು ಶ್ರುತಿಗೆ ಕಟ್ಟುವ ನಿಯಮದಲ್ಲಿ ಮತ್ತು ಅದನ್ನು ಮುಟ್ಟುವ ಕೈಗೆ ಸಮಾಜವು ಕೊಟ್ಟ ಸ್ಥಾನದಲ್ಲಿ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳನ್ನೊಳಗೊಂಡ ಈ ಸೀಮೆಯು ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಲ್ಲಿ ಹಾವೇರಿ ಜಿಲ್ಲೆಯು ರಚಿತವಾದಾಗ ಅದರ ಭಾಗವಾಯಿತು. ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯ ಸುತ್ತಮುತ್ತ ತಿರುಗಾಡಿದವರಿಗೆ ಇದರ ನೆಲಸ್ವಭಾವವು ಸುಲಭವಾಗಿ ಗೋಚರವಾಗುವುದು: ಪಶ್ಚಿಮಕ್ಕೆ ಮುಂಡಗೋಡದ ದಿಕ್ಕಿನಲ್ಲಿ ಅರೆಮಲೆನಾಡಿನ ಕಾಡು, ಪೂರ್ವಕ್ಕೆ ಸವಣೂರಿನ ದಿಕ್ಕಿನಲ್ಲಿ ಹತ್ತಿ ಜೋಳಗಳ ಬಯಲು. ಹಲಸು, ಬಿದಿರುಗಳು ಮಲೆಯ ಕಡೆಯಿಂದಲೂ, ಕುರಿ ಆಡುಗಳ ತೊಗಲು ಬಯಲಿನ ಕಡೆಯಿಂದಲೂ ದೊರೆಯುವ ಇಂಥ ನೆಲದಲ್ಲಿ ವಾದ್ಯಗಳು ಹುಲುಸಾಗಿ ಬೆಳೆದುದರಲ್ಲಿ ಆಶ್ಚರ್ಯವಿಲ್ಲ. ಸಂಗೀತದ ದೃಷ್ಟಿಯಿಂದಲೂ ಇದು ಗಡಿಸೀಮೆಯೇ ಸರಿ. ಕರ್ನಾಟಕ ಸಂಗೀತದ ಉತ್ತರದ ಅಂಚೂ ಹಿಂದುಸ್ಥಾನಿ ಸಂಗೀತದ ದಕ್ಷಿಣದ ಅಂಚೂ ಇಲ್ಲಿ ಒಂದರ ಮೇಲೊಂದು ಹಾಸಿಕೊಂಡಿವೆ.

ಶಾಸ್ತ್ರ ಮತ್ತು ಶಾಸನ

ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸುವ ಪದ್ಧತಿಯು ಭರತನ ನಾಟ್ಯಶಾಸ್ತ್ರದಷ್ಟು ಹಳೆಯದು. ತಂತಿಯನ್ನು ಬಿಗಿದುದು ತತ, ರಂಧ್ರಗಳಲ್ಲಿ ಗಾಳಿಯಾಡುವುದು ಸುಷಿರ, ತೊಗಲನ್ನು ಹೊದಿಸಿದುದು ಅವನದ್ಧ, ತಾನೇ ಗಟ್ಟಿಯಾಗಿದ್ದು ತಾಡನದಿಂದ ನುಡಿಯುವುದು ಘನ. ಕನ್ನಡನಾಡಿನ ಅರಸರಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಾದ್ಯವಿನೋದಕ್ಕೆ ಪ್ರತ್ಯೇಕ ಸ್ಥಾನವಿದ್ದರೆ, ಮುಂದಿನ ಶತಮಾನದಲ್ಲಿ ದೇವಗಿರಿಯ ಸೇವುಣ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದ ಏಳು ಅಧ್ಯಾಯಗಳಲ್ಲಿ ಆರನೆಯದನ್ನು ವಾದ್ಯಗಳಿಗೇ ಮೀಸಲಿಟ್ಟನು. ಶಾಸ್ತ್ರಕಾರರು ಕೊಟ್ಟ ಈ ನಾಲ್ಕು ಕೋಣೆಗಳು ಬಹುಮಟ್ಟಿಗೆ ಸಾಕಾಗುವುವಾದರೂ, ಜಾತ್ರೆಯಲ್ಲಿ ಕಾಣುವ ಕೆಲವು ವಾದ್ಯಗಳು ಒಂದು ಕಾಲನ್ನು ಒಂದು ಕೋಣೆಯಲ್ಲಿಯೂ ಇನ್ನೊಂದನ್ನು ಮತ್ತೊಂದರಲ್ಲಿಯೂ ಇಟ್ಟು ನಿಂತಿರುವುದನ್ನು ಮುಂದೆ ಕಾಣಬಹುದು.

ಇಲ್ಲಿನ ಶಾಸನಗಳಲ್ಲಿ ವಾದ್ಯವು ವಿನೋದದ ವಸ್ತುವಾಗಿ ತೋರದೆ ಅಧಿಕಾರದ ಚಿಹ್ನೆಯಾಗಿ ತೋರುತ್ತದೆ. ಪಾನುಂಗಲ್ಲು ಎಂದು ಶಾಸನಗಳು ಕರೆಯುವ ಹಾನಗಲ್ಲಿನಿಂದ ಆಳಿದ ಕದಂಬರು ಸಿಂಹಲಾಂಛನವನ್ನೂ ವಾನರಧ್ವಜವನ್ನೂ ಹೇಳಿಕೊಳ್ಳುವಾಗ, ತಮ್ಮ ಬರವನ್ನು ಸಾರುವ ವಾದ್ಯವು ಪೆರ್ಮಟ್ಟಿಯೆಂಬುದನ್ನೂ ಅಷ್ಟೇ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಸವದತ್ತಿಯ ರಟ್ಟರಿಗೆ ಇದೇ ರೀತಿ ತ್ರಿವಳಿಯೆಂಬ ವಾದ್ಯವಿತ್ತು. ಮಾಂಡಲಿಕರ ಬಿರುದಾವಳಿಯಲ್ಲಿ ಮೇಲಿಂದ ಮೇಲೆ ಬರುವ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣವು ಐದು ಬಗೆಯ ವಾದ್ಯಗಳನ್ನು ಮೊಳಗಿಸಿಕೊಳ್ಳುವ ಹಕ್ಕನ್ನು ಸಾರ್ವಭೌಮನಿಂದ ಪಡೆದವನು ಎಂಬರ್ಥದ್ದು. ನಿಜಗುಣ ಶಿವಯೋಗಿಯು ವಿವೇಕಚಿಂತಾಮಣಿಯಲ್ಲಿ ಈ ಐದನ್ನು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಎಣಿಸುತ್ತಾನೆ. ಇಂದು ಗ್ರಾಮವಾದ್ಯಗಳೆಂದು ಬದಿಗೆ ಸರಿಸಲಾಗಿರುವ ಕೊಂಬು, ತಮಟೆ, ನಗಾರಿಗಳೇ ಈ ಪಟ್ಟಿಯಲ್ಲಿವೆಯೆಂಬುದೂ, ವೀಣೆಯಾಗಲಿ ಮೃದಂಗವಾಗಲಿ ಇದರಲ್ಲಿಲ್ಲವೆಂಬುದೂ ಗಮನಿಸತಕ್ಕ ಸಂಗತಿಗಳು. ಅರಸೊತ್ತಿಗೆಯ ಮರ್ಯಾದೆಯು ಅಂದು ತಮ್ಮಟದಲ್ಲಿತ್ತು. ಅದನ್ನು ಬಾರಿಸುವವನಿಗೆ ಆ ಮರ್ಯಾದೆಯಲ್ಲಿ ಪಾಲು ದೊರೆಯಲಿಲ್ಲ.

ತಂತಿಯ ವಾದ್ಯಗಳು

ದಂಡಿಗೆ, ಸೋರೆಬುರುಡೆ, ತಂತಿ: ಈ ಮೂರರ ಕೂಟವೇ ಕನ್ನಡನಾಡಿನ ತಂತಿವಾದ್ಯಗಳ ಮೂಲಪಿಂಡ. ಹನ್ನೆರಡನೆಯ ಶತಮಾನದ ಶರಣರಿಗೆ ಇದು ಎಷ್ಟು ಪರಿಚಿತವಾಗಿದ್ದಿತೆಂದರೆ, ಭಕ್ತನ ದೇಹವನ್ನೇ ವಾದ್ಯವಾಗಿ ಕಲ್ಪಿಸಬೇಕಾದಾಗ ಬಸವಣ್ಣನಿಗೆ ಬೇರೊಂದು ವಸ್ತುವನ್ನು ಅರಸಬೇಕಾಗಲಿಲ್ಲ. ಅದೇ ಮಂಡಲಿಯ ಒಬ್ಬ ಶರಣನ ಹೆಸರಿಗೆ ಕಿನ್ನರಿಯೆಂಬ ವಾದ್ಯದ ಹೆಸರೇ ಅಂಟಿಕೊಂಡು ಆತನು ಕಿನ್ನರಿ ಬ್ರಹ್ಮಯ್ಯನೆನಿಸಿದನು. ಬಿದಿರಿನ ದಂಡಿಗೆಯ ಕೆಳಗೆ ಬುರುಡೆಗಳನ್ನು ಕಟ್ಟಿ, ಮೇಲೆ ಮೆಟ್ಟಿಲುಗಳನ್ನು ಹಚ್ಚಿ ನುಡಿಸುತ್ತಿದ್ದ ಈ ಕಿನ್ನರಿಯು ಪಂಡಿತರ ಲಕ್ಷಣಗ್ರಂಥಗಳಲ್ಲಿಯೂ ನಾಥಪಂಥದ ಜೋಗಿಗಳ ಹೆಗಲ ಮೇಲೂ ಸಮನಾಗಿ ಬಾಳಿದ ವಾದ್ಯ. ನವಿಲುಗರಿಯಿಂದ ಅಲಂಕೃತವಾದ ಕಿನ್ನರಿಯನ್ನು ಹಿಡಿದು ಊರೂರು ತಿರುಗುತ್ತ ಕಥೆ ಹಾಡುವ ಕಿನ್ನರಿಜೋಗಿಗಳು ಈಚಿನವರೆಗೂ ಇದ್ದರು.

ಕಿನ್ನರಿಯಿಂದ ಮೆಟ್ಟಿಲುಗಳನ್ನು ಕಳೆದು, ಒಂದೇ ತಂತಿಯನ್ನು ಉಳಿಸಿದರೆ ಏಕತಾರಿಯಾಗುವುದು. ಹರಿದಾಸರ ತಂಬೂರಿಯೂ ತತ್ತ್ವಪದಕಾರರ ಏಕತಾರಿಯೂ ಈ ಸೀಮೆಯಲ್ಲಿ ಕೈಕೈ ಹಿಡಿದು ನಡೆದಿವೆ. ಕನಕದಾಸರು ಹುಟ್ಟಿದ ಬಾಡ ಗ್ರಾಮವೂ, ಶಿಶುನಾಳ ಶರೀಫ ಸಾಹೇಬರು 1819ರಲ್ಲಿ ಹುಟ್ಟಿ 1889ರಲ್ಲಿ ದೇಹವಿಟ್ಟ ಶಿಶುವಿನಹಾಳವೂ ಶಿಗ್ಗಾಂವಿ ತಾಲ್ಲೂಕಿನವೇ ಆಗಿರುವುದನ್ನು ನೆನೆದರೆ, ಈ ನಾಡಿನ ಭಕ್ತಿಗೆ ಒಂದು ತಂತಿಯೇ ಸಾಕಾಗಿದ್ದಿತೆನ್ನಬಹುದು. ಕಳಸದ ಗೋವಿಂದಭಟ್ಟರ ಶಿಷ್ಯರಾದ ಶರೀಫರು ತಂಬೂರಿಯನ್ನೇ ವಸ್ತುವಾಗುಳ್ಳ ಪದವೊಂದನ್ನು ರಚಿಸಿದ್ದಾರೆ. ಮೊಹರಮ್ಮಿನ ರಿವಾಯತ್ ಪದಗಳೂ ಅವರ ಹೆಸರಿನಲ್ಲಿವೆ. ಅವರ ಪದಗಳನ್ನು ಇಂದು ಹಾಡುವ ಭಜನಾಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ಪೇಟಿಯೂ ತಬಲವೂ ಕೂಡಿಕೊಂಡಿರುವುದರಿಂದ ಹಾಡಿಕೆಯ ಓಟವು ಹೆಚ್ಚಿದೆ. ಆದರೆ ಏಕತಾರಿಯ ಒಂಟಿ ನಾದದ ಮೇಲೆ ಮಾತು ಸ್ಪಷ್ಟವಾಗಿ ಎದ್ದು ಕೇಳುತ್ತಿದ್ದ ಹಳೆಯ ಗುಣವು ಅಷ್ಟರಮಟ್ಟಿಗೆ ಕುಂದಿದೆಯೆಂದೇ ಹೇಳಬೇಕಾಗುವುದು.

ಸಂಗೀತ ಕಛೇರಿಯ ತಂಬೂರಿಯು ಇದೇ ಕುಲದ ದೊಡ್ಡಣ್ಣ. ದಕ್ಷಿಣದ ತಂಬೂರಿಗೆ ಹಲಸಿನ ಮರವನ್ನು ಕೊರೆದು ಮಾಡಿದ ಕೊಡವಿದ್ದರೆ, ಧಾರವಾಡದ ಕಡೆಯ ಗವಾಯಿಗಳು ಬಳಸುವ ಮೀರಜಿನ ತಂಬೂರಿಗೆ ಪಂಢರಪುರದ ಸುತ್ತಮುತ್ತ ಬೆಳೆಯುವ ಹೆಗ್ಗಾತ್ರದ ಸೋರೆಯೇ ಕೊಡವಾಗುತ್ತದೆ. ನಾಲ್ಕು ತಂತಿಗಳಲ್ಲಿ ಮೊದಲನೆಯದನ್ನು ಸಾಮಾನ್ಯವಾಗಿ ಪಂಚಮಕ್ಕೂ, ನಡುವಿನ ಎರಡನ್ನು ಮಧ್ಯಷಡ್ಜಕ್ಕೂ, ಕಡೆಯದನ್ನು ಮಂದ್ರಷಡ್ಜಕ್ಕೂ ಕೂಡಿಸುತ್ತಾರೆ. ಕುದುರೆಯ ಮೇಲೆ ತಂತಿಯು ಹಾಯುವಲ್ಲಿ ಅದರಡಿಗೆ ಒಂದು ಸಣ್ಣ ನೂಲೆಳೆಯನ್ನು ತೂರಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ಬಂದಾಗ, ಒಂದು ನಿರ್ದಿಷ್ಟ ಸ್ಥಾನದಲ್ಲಿ ಮಂದವಾಗಿದ್ದ ಧ್ವನಿಯು ಬಿಚ್ಚಿಕೊಂಡು ಅನೇಕ ಅನುಸ್ವರಗಳಿಂದ ತುಂಬಿ ಝೇಂಕರಿಸತೊಡಗುತ್ತದೆ. ಗಾಯಕನು ಕಛೇರಿಗೆ ಮುಂಚೆ ಕಿವಿಯನ್ನು ದಂಡಿಗೆಗೆ ಹಚ್ಚಿ ಕುಳಿತಿರುವಾಗ ಅರಸುತ್ತಿರುವುದು ಆ ಸ್ಥಾನವನ್ನೇ. ಏಕತಾರಿಯವನಿಗೆ ಈ ಪಾಡಿಲ್ಲ. ಅವನು ಬಿರಡೆಯನ್ನು ತಿರುವಿ ತನ್ನ ಕೊರಳಿಗೆ ಒಗ್ಗಿದರೆ ಸಾಕೆಂದು ಹೊರಡುತ್ತಾನೆ.

ವೀಣೆಯು ಈ ಸೀಮೆಯ ಮನೆಮನೆಯ ವಾದ್ಯವಾಗಲಿಲ್ಲ. ಜೇನುಮೇಣದ ಹಾಸಿನಲ್ಲಿ ಕೂರಿಸಿದ ಇಪ್ಪತ್ತನಾಲ್ಕು ಮೆಟ್ಟಿಲು, ನಾಲ್ಕು ನುಡಿಸುವ ತಂತಿ, ಮೂರು ತಾಳದ ತಂತಿಗಳುಳ್ಳ ಸರಸ್ವತೀವೀಣೆಯು ಶೇಷಣ್ಣ (1852–1926), ಸುಬ್ಬಣ್ಣ, ಮುಂದೆ ದೊರೆಸ್ವಾಮಿ ಅಯ್ಯಂಗಾರ್ಯರ ಕೈಯಲ್ಲಿ ಮೈಸೂರಿನ ಕೀರ್ತಿಯಾಯಿತು. ಧಾರವಾಡದ ಕಡೆಯಲ್ಲಿ ಆ ಸ್ಥಾನವನ್ನು ರಹಿಮತ್ ಖಾನರ ಮನೆತನದ ಸಿತಾರವು ಆಕ್ರಮಿಸಿತು. ಪಿಟೀಲು ಯುರೋಪಿನಿಂದ ಬಂದು ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಕರ್ನಾಟಕ ಸಂಗೀತಕ್ಕೆ ಸೇರಿ, ಮೈಸೂರಿನ ಟಿ. ಚೌಡಯ್ಯನವರಿಂದ ಏಳು ತಂತಿಗಳನ್ನು ಪಡೆಯಿತು.

ಚೌಡಿಕೆಯ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ, ಹಿರೇಕೆರೂರಿನ ಆಚೆಯ ಚಂದ್ರಗುತ್ತಿಯ ರೇಣುಕಾಂಬೆಗೂ ನಡೆದುಕೊಳ್ಳುವ ಜೋಗತಿಯರ ಈ ವಾದ್ಯವು ನೋಟಕ್ಕೆ ಒಂದು ಕೊಳಗದಂತಿರುತ್ತದೆ. ಅದರ ತಳಕ್ಕೆ ತೊಗಲನ್ನು ಬಿಗಿದು, ತೊಗಲಿನ ನಡುವೆ ಪೋಣಿಸಿದ ತಂತಿಯನ್ನು ಪಕ್ಕದ ಕೋಲಿನ ತುದಿಯ ಬಿರಡೆಗೆ ಎಳೆದು ಕಟ್ಟಿರುತ್ತಾರೆ. ಜೋಗತಿಯು ಕೊಳಗವನ್ನು ಕಂಕುಳಲ್ಲಿ ಅವುಚಿಕೊಂಡು, ಕೈಯಲ್ಲಿನ ಕಡ್ಡಿಯಿಂದ ತಂತಿಯನ್ನು ಮೀಟುತ್ತ ತೋಳಿನ ಒತ್ತಡವನ್ನು ಏರಿಸಿ ಇಳಿಸಿದಾಗ, ತಂತಿಯ ಬಿಗುವು ವ್ಯತ್ಯಾಸವಾಗಿ ಸ್ವರವು ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಇದನ್ನು ತತವೆನ್ನಬೇಕೆ, ಅವನದ್ಧವೆನ್ನಬೇಕೆ? ಮೀಟುವುದು ತಂತಿಯನ್ನು, ನುಡಿಯುವುದು ತೊಗಲು. ಕೊಡುವುದು ಲಯವನ್ನು, ಆದರೆ ಸ್ವರದ ಛಾಯೆಯಿಲ್ಲದೆ ಅಲ್ಲ. ಗೀಗೀ ಮೇಳದ ತುಂತುಣಿಯೂ, ಅಂಬಾಭವಾನಿಯ ಗೊಂದಲವನ್ನು ಹಾಕುವ ಗೊಂದಲಿಗರ ತುಂತುಣಿಯೂ ಇದರ ದಾಯಾದಿಗಳೇ. ಭರತನ ನಾಲ್ಕು ವಿಭಾಗಗಳಲ್ಲಿ ಇವುಗಳಿಗೆ ನೆಟ್ಟಗೆ ಹೊಂದುವ ಸ್ಥಾನವಿಲ್ಲ. ಅದರಿಂದ ಜೋಗತಿಗೆ ಯಾವ ಅಡಚಣೆಯೂ ಆದಂತಿಲ್ಲ.

ತೊಗಲಿನ ವಾದ್ಯಗಳು

ಈ ಸೀಮೆಯ ನಿಜವಾದ ಸಂಪತ್ತು ಇರುವುದು ತೊಗಲಿನ ವಾದ್ಯಗಳಲ್ಲಿ. ಶಾಸ್ತ್ರೀಯವೆಂಬ ಹೆಸರನ್ನು ಪಡೆದವುಗಳಲ್ಲಿ ಮುಖ್ಯವಾದುದು ಮೃದಂಗ. ಹಲಸಿನ ಮರದ ಹೊಳವಿನ ಎರಡು ಮುಖಗಳಿಗೆ ತೊಗಲಿನ ಮುಚ್ಚಿಗೆಗಳನ್ನಿಟ್ಟು ಬಾರುಗಳಿಂದ ಬಿಗಿದಿರುವ ಮಟ್ಟಿಗೆ ಅದಕ್ಕೂ ಡೊಳ್ಳಿಗೂ ತಾತ್ವಿಕವಾದ ಭೇದವೇನೂ ಇಲ್ಲ. ಭೇದವು ಬಲಮುಖದ ಕರಣೆಯಲ್ಲಿದೆ. ಕಿಟ್ಟದ ಕಲ್ಲಿನ ನುಣ್ಣನೆಯ ಪುಡಿಯನ್ನು ಅನ್ನದೊಡನೆ ಕಲಸಿ, ಮುಚ್ಚಿಗೆಯ ನಡುವೆ ತೆಳ್ಳಗೆ ಒಂದು ಪದರ ಹಚ್ಚಿ, ಅದು ಆರುವ ಹದದಲ್ಲಿ ನುಣುಪಾದ ಕಲ್ಲಿನಿಂದ ತಿಕ್ಕಿ, ಮತ್ತೊಂದು ಪದರವನ್ನು ಮೊದಲಿನದಕ್ಕಿಂತ ಕಿರಿದಾಗಿ ಹಚ್ಚಿ ಮತ್ತೆ ತಿಕ್ಕಿ, ಹೀಗೆ ಪದರದ ಮೇಲೆ ಪದರವೇರಿಸುತ್ತ ಹೋದಂತೆ ನಡುವೆ ದಪ್ಪವೂ ಅಂಚಿಗೆ ತೆಳುವೂ ಆದ ಕಪ್ಪು ಬಿಲ್ಲೆಯೊಂದು ಸಿದ್ಧವಾಗುತ್ತದೆ. ಒಣಗಿದ ಕರಣೆಯು ಸೂಕ್ಷ್ಮವಾಗಿ ಬಿರಿದು ಕಣಕಣವಾಗಿ ಕೂತಿರುವುದರಿಂದಲೇ ತೊಗಲಿನೊಡನೆ ಬಾಗಿ ಕಂಪಿಸಬಲ್ಲುದು. ಎಡಮುಖಕ್ಕೆ ಕಛೇರಿಯ ಹೊತ್ತಿನಲ್ಲಿ ಮಾತ್ರ ನೀರಿನಲ್ಲಿ ಕಲಸಿದ ರವೆಯನ್ನು ಮೆತ್ತಿ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಬರಿಯ ತೊಗಲು ಹೊರಡಿಸುವ ಧ್ವನಿಯ ಅಂಶಗಳು ಪರಸ್ಪರ ಹೊಂದದೆ ಗದ್ದಲವಾಗುವುವು. ಕರಣೆಯ ಭಾರವು ಆ ಅಂಶಗಳನ್ನು ಒಂದಕ್ಕೊಂದು ಶ್ರುತಿಸಂಬಂಧವುಳ್ಳ ಶ್ರೇಣಿಯಾಗಿ ತಂದು ನಿಲ್ಲಿಸುತ್ತದೆ. ಇದನ್ನು ಪ್ರಯೋಗಪೂರ್ವಕವಾಗಿ ತೋರಿಸಿಕೊಟ್ಟವರು ಸರ್ ಸಿ. ವಿ. ರಾಮನ್ನರು: 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಒಂದು ಚಿಕ್ಕ ಲೇಖನವನ್ನೂ, ಬೆಂಗಳೂರಿಗೆ ಬಂದ ತರುವಾಯ 1934ರಲ್ಲಿ ವಿಸ್ತೃತವಾದ ಪ್ರಬಂಧವನ್ನೂ ಅವರು ಪ್ರಕಟಿಸಿದರು. ಚಕ್ಕಳದ ಮೇಲೆ ಕಿಟ್ಟವನ್ನು ತಿಕ್ಕಿದ ಅಜ್ಞಾತ ಕುಶಲಿಯು ಆ ಪ್ರಯೋಗವನ್ನು ಶತಮಾನಗಳ ಹಿಂದೆಯೇ ಮಾಡಿ ಮುಗಿಸಿದ್ದನು.

ಶ್ರುತಿಯ ಈ ಬಂಧನವಿಲ್ಲದ ವಾದ್ಯಗಳಲ್ಲಿ ಅಗ್ರಸ್ಥಾನವು ಡೊಳ್ಳಿನದು. ಬೀರೇಶ್ವರನ ಒಕ್ಕಲಾದ ಕುರುಬರು, ಡೊಳ್ಳಾಸುರನೆಂಬ ರಾಕ್ಷಸನನ್ನು ಶಿವನು ಕೊಂದು ಅವನ ಚರ್ಮದಿಂದ ಮಾಡಿದ ವಾದ್ಯವಿದೆಂದು ಹೇಳುತ್ತಾರೆ. ಮರದ ದಪ್ಪ ಹೊಳವಿಗೆ ತೊಗಲನ್ನು ಹೊದಿಸಿ ಹಗ್ಗದಿಂದ ಜಗ್ಗಿ ಕಟ್ಟಿ, ಹೆಗಲಿಗೆ ನೇತುಹಾಕಿಕೊಂಡು, ಬಲಮುಖವನ್ನು ಕೋಲಿನಿಂದಲೂ ಎಡಮುಖವನ್ನು ಬರಿಯ ಅಂಗೈಯಿಂದಲೂ ಬಾರಿಸುತ್ತ ಹತ್ತಾರು ಮಂದಿ ಸುತ್ತುವರಿದು ಕುಣಿಯುವಾಗ, ನಾದವು ಕಿವಿಗಿಂತ ಮೊದಲು ಎದೆಗೆ ತಾಗುವುದು. ಕುಣಿತದ ಡೊಳ್ಳು ಮಾತ್ರ ಹೊರಗಿನವರಿಗೆ ಪರಿಚಿತವಾಗಿದ್ದರೂ, ಕುಳಿತು ಹಾಡುವ ಡೊಳ್ಳಿನ ಪದವೂ ಅಷ್ಟೇ ಪ್ರೌಢವಾದುದು. ಹರದೇಸಿ ನಾಗೇಸಿಗಳೆಂದು ಎರಡು ಪಕ್ಷವಾಗಿ ಸವಾಲು ಜವಾಬು ನಡೆಸುವಾಗ, ಕುಣಿತದಲ್ಲಿ ಗುಡುಗುತ್ತಿದ್ದ ಡೊಳ್ಳು ಇಲ್ಲಿ ಹಾಡಿನ ನುಡಿಗೆ ದಾರಿಬಿಟ್ಟು ಪಲ್ಲವಿಯ ಸಂಧಿಗಳಲ್ಲಿ ಮಾತ್ರ ತಲೆಯೆತ್ತುವುದನ್ನು ಕಾಣಬಹುದು.

ಹಲಗೆಯು ಇದಕ್ಕಿಂತಲೂ ಸರಳವಾದುದು; ಮರದ ಬಳೆಗೆ ಒಂದೇ ಕಡೆ ತೊಗಲನ್ನು ಬಿಗಿದರೆ ಆಯಿತು. ಬಾರಿಸುವ ಮುನ್ನ ಹುಲ್ಲಿನ ಉರಿಗೆ ಅದನ್ನು ಹಿಡಿದು, ಬೆರಳಿನಿಂದ ತಟ್ಟಿ ತಟ್ಟಿ ಕೇಳುತ್ತ ತೊಗಲನ್ನು ಕಾಯಿಸುತ್ತಾರೆ. ಮಂಕಾಗಿದ್ದ ಧ್ವನಿಯು ಕಾವೇರಿದಂತೆ ಖಣಖಣಿಸತೊಡಗಿದಾಗ ಹಲಗೆಯು ಹದಕ್ಕೆ ಬಂದಿತೆಂದರ್ಥ. ಮೃದಂಗದವನು ಮುಚ್ಚಿಗೆಯ ಅಂಚನ್ನು ಕಲ್ಲಿನಿಂದ ತಟ್ಟಿ ಶ್ರುತಿಮಾಡುವುದಕ್ಕೂ ಇದಕ್ಕೂ ಉದ್ದೇಶದಲ್ಲಿ ಭೇದವಿದ್ದರೂ ಕಿವಿಯ ಶ್ರಮದಲ್ಲಿ ಭೇದವಿಲ್ಲ. ಹೋಳಿಹುಣ್ಣಿಮೆಯ ದಿನಗಳಲ್ಲಿ ಊರ ಹುಡುಗರೆಲ್ಲರ ಕೈಯಲ್ಲಿಯೂ ಆಡುವ ಈ ಹಲಗೆಯು ಉಳಿದ ದಿನಗಳಲ್ಲಿ ಡಂಗುರಕ್ಕೂ ಶವಯಾತ್ರೆಗೂ ಒಂದು ಸಮುದಾಯದವರಿಗೆ ಮಾತ್ರ ಹೊರಿಸಲ್ಪಟ್ಟ ಬಿಟ್ಟಿಯ ಊಳಿಗವಾಗಿದ್ದಿತು. ಆ ಕಾರಣದಿಂದಲೇ ಹಲವೆಡೆ ಆ ಸಮುದಾಯದ ತರುಣರು ಹಲಗೆಯನ್ನು ಕೆಳಗಿಟ್ಟರು. ಕಲೆಯು ನಶಿಸುತ್ತಿದೆಯೆಂದು ಮರುಗುವವರು ಆ ನಿರಾಕರಣೆಯ ನ್ಯಾಯವನ್ನೂ ಒಪ್ಪಬೇಕಾಗುತ್ತದೆ.

ಹಲಗೆಯನ್ನು ಗಾಡಿಯ ಗಾಲಿಯಷ್ಟು ಹಿಗ್ಗಿಸಿದರೆ ಜಗ್ಗಲಿಗೆಯಾಗುವುದು. ಹುಬ್ಬಳ್ಳಿ ಧಾರವಾಡಗಳ ಸುತ್ತಲಿನ ಈ ವಾದ್ಯಕ್ಕೆ ಎತ್ತಿನ ಗಾಡಿಯ ಗಾಲಿಯ ಕಬ್ಬಿಣದ ಹಳಿಯೇ ಚೌಕಟ್ಟು, ಎಮ್ಮೆಯ ಚರ್ಮವೇ ಹೊದಿಕೆ. ಎತ್ತಲು ಭಾರವಾದ್ದರಿಂದ ನೆಲದ ಮೇಲೆ ಉರುಳಿಸಿಕೊಂಡೇ ಮೆರವಣಿಗೆಯಲ್ಲಿ ಸಾಗುತ್ತಾರೆ. ಮುಂದೆ ನಿಂತ ಒಬ್ಬನು ಕಣಿಹಲಗೆಯೆಂಬ ಚಿಕ್ಕ ಹಲಗೆಯಿಂದ ಪೆಟ್ಟಿನ ಸರಣಿಯನ್ನು ತೋರಿಸಿದಂತೆ ಹಿಂದಿನವರು ಅನುಸರಿಸುತ್ತಾರೆ.

ಮಠ ಮತ್ತು ಗುಡಿಗಳ ಉತ್ಸವಗಳಲ್ಲಿ ನಂದಿಕೋಲಿನೊಡನೆ ಬರುವ ಸಮಾಳ, ಪುರವಂತರ ಒಡಪುಗಳಿಗೆ ಆವೇಶ ತುಂಬುವ ಕರಡಿ, ಮದುವೆಯ ಮನೆಯ ಮುಂದೆ ಸನಾದಿಯೊಡನೆ ಮೊಳಗುವ ಕರಡಿಮಜಲು, ಗೊಂದಲಿಗರ ಸಂಬಾಳ, ಮೊಹರಮ್ಮಿನ ಹೆಜ್ಜೆಮೇಳದ ತಾಸೆ, ಇವುಗಳ ಬಾರಿಕೆಯ ವರಸೆಗಳನ್ನು ಕುರಿತೇ ಪ್ರತ್ಯೇಕ ಲೇಖನ ಬೇಕಾದೀತು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೂ ತುಂಗಭದ್ರೆಯಾಚೆಯ ಮೈಲಾರಕ್ಕೂ ನಡೆದುಕೊಳ್ಳುವ ಗೊರವಯ್ಯಗಳು ಕರಿಯ ಕಂಬಳಿಯನ್ನು ಹೊದ್ದು, ಒಂದು ಕೈಯಲ್ಲಿ ಡಮರುಗವನ್ನು ಆಡಿಸುತ್ತ, ಇನ್ನೊಂದರಲ್ಲಿ ಪಿಳ್ಳಂಗೋವಿಯನ್ನು ಹಿಡಿದು ಬರುತ್ತಾರೆ. ಇವೆಲ್ಲಕ್ಕಿಂತ ವಿಲಕ್ಷಣವಾದುದು ದುರುಗಮುರುಗಿಯವರ ಉರುಮೆ. ಗಂಡಸು ಚಾಟಿಯಿಂದ ತನ್ನ ಮೈಗೆ ತಾನೇ ಹೊಡೆದುಕೊಳ್ಳುತ್ತಿರುವಾಗ ಹೆಂಗಸು ಉರುಮೆಯ ಒಂದು ಮುಖವನ್ನು ಬಾರಿಸುತ್ತ, ಇನ್ನೊಂದನ್ನು ಬಾಗಿದ ಕಡ್ಡಿಯಿಂದ ತೀಡುತ್ತಾಳೆ. ತೀಡಿದ ತೊಗಲು ಹೊರಡಿಸುವ ಗುಂಯ್‌ಗುಡುವ ನರಳಿಕೆಯಂಥ ಸ್ವರವು ಕೇರಿಯಾಚೆಗೂ ಕೇಳಿ, ದೇವಿಯ ಪೆಟ್ಟಿಗೆ ಬಂದಿತೆಂದು ಮಕ್ಕಳು ಬಾಗಿಲ ಮರೆಗೆ ಸರಿಯುತ್ತಿದ್ದರು.

ಕಛೇರಿಯ ಖಂಜಿರವೂ ಭಜನೆಯ ದಮ್ಮಡಿಯೂ ಗಾತ್ರ ಮತ್ತು ಬಿಲ್ಲೆಗಳಲ್ಲಿ ಭಿನ್ನವಾದ ಒಡಹುಟ್ಟುಗಳು. ಖಂಜಿರಕ್ಕೆ ಹಿಂದೆ ಉಡುವಿನ ಚರ್ಮವನ್ನು ಹಚ್ಚುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಅದು ನಿಷಿದ್ಧವಾಗಿದೆ.

ಊದುವ ವಾದ್ಯಗಳು, ಪೇಟಿ, ತಾಳ

ದಕ್ಷಿಣದಲ್ಲಿ ನಾಗಸ್ವರಕ್ಕಿರುವ ಮಂಗಳವಾದ್ಯದ ಸ್ಥಾನವು ಈ ಸೀಮೆಯಲ್ಲಿ ಸನಾದಿಗೆ ಸೇರಿದೆ. ನಾಗಸ್ವರವು ಉದ್ದವಾದುದು, ಏಳು ಸ್ವರರಂಧ್ರಗಳುಳ್ಳದ್ದು, ಡೋಲಿನ ಜೊತೆಗೆ ಬಯಲಿನಲ್ಲಿ ಕೇಳತಕ್ಕುದು. ಸನಾದಿಯು ಗಿಡ್ಡನೆಯದು, ಮೆದುವಾದುದು. ಎರಡಕ್ಕೂ ಬಾಯಲ್ಲಿಡುವ ಪೀಪಿಯೇ ಪ್ರಾಣ. ಮೂಗಿನಿಂದ ಉಸಿರೆಳೆಯುತ್ತಲೇ ಗಲ್ಲದಲ್ಲಿ ತುಂಬಿಟ್ಟ ಗಾಳಿಯನ್ನು ಹೊರದೂಡಿ ನಾದವು ಮುರಿಯದಂತೆ ನೋಡಿಕೊಳ್ಳುವ ಸಾಧನೆಯು ಬಾಲ್ಯದಿಂದಲೇ ಬರಬೇಕು. ಬಾಜಾಭಜಂತ್ರಿಯವರೆಂದು ಊರು ಕರೆಯುವ ಕೊರವರ ಮನೆತನಗಳಲ್ಲಿ ಇದು ತಂದೆಯಿಂದ ಮಗನಿಗೆ ಇಳಿದುಬಂದ ವಿದ್ಯೆ. ಇವರ ಸನಾದಿಯಿಲ್ಲದೆ ಮದುವೆಯ ಅಕ್ಷತೆ ಬೀಳುತ್ತಿರಲಿಲ್ಲ, ಆದರೆ ಅದೇ ಮದುವೆಯ ಪಂಕ್ತಿಯಲ್ಲಿ ಇವರಿಗೆ ಎಲೆ ಬೀಳುತ್ತಿದ್ದುದು ಕಡೆಯಲ್ಲಿ, ಅಂಗಳದಾಚೆ. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನಾಧರಿಸಿ 1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಬಿಸ್ಮಿಲ್ಲಾ ಖಾನರೇ ನುಡಿಸಿದ ಮೇಲೆ ಈ ವಾದ್ಯವು ಕನ್ನಡಿಗರೆಲ್ಲರ ಮನೆಮಾತಾಯಿತು.

ದೊಡ್ಡಾಟದ ಮುಖವೀಣೆಯು ಸನಾದಿಗಿಂತಲೂ ಚಿಕ್ಕದು. ಮದ್ದಳೆ ತಾಳಗಳ ನಡುವೆ ಅದರ ತೀಕ್ಷ್ಣಸ್ವರವು ಭಾಗವತನ ಪದವನ್ನು ಹಿಂಬಾಲಿಸಿ, ಇರುಳೆಲ್ಲ ಅಟ್ಟದ ಸುತ್ತ ಕುಳಿತವರ ನಿದ್ದೆಯನ್ನು ಓಡಿಸುತ್ತಿದ್ದಿತು. ಹಾರ್ಮೋನಿಯಂ ಬಂದಮೇಲೆ ಮುಖವೀಣೆಯ ಊದುಗರಿಗೆ ಕೆಲಸ ತಪ್ಪಿತು. ಕೊಂಬು ಕಹಳೆಗಳು ತೇರು ಪಲ್ಲಕ್ಕಿಗಳ ಮುಂದೆ ಮಾತ್ರ ಉಳಿದಿವೆ.

ಹಾರ್ಮೋನಿಯಮ್ಮನ್ನು ಸಾಂಪ್ರದಾಯಿಕ ವಾದ್ಯಗಳ ಲೇಖನದಲ್ಲಿ ಸೇರಿಸುವುದಕ್ಕೆ ಆಕ್ಷೇಪವಿರಬಹುದು. ಫ್ರಾನ್ಸಿನಲ್ಲಿ ಹುಟ್ಟಿದ ಈ ಪೇಟಿಯು ಗಮಕಗಳಿಗೆ ಒಗ್ಗದೆಂಬ ಕಾರಣದಿಂದ ಆಕಾಶವಾಣಿಯು 1940ರಲ್ಲಿ ಇದನ್ನು ನಿಷೇಧಿಸಿ, 1971ರವರೆಗೆ ಬಾಗಿಲು ತೆರೆಯಲಿಲ್ಲ. ಆದರೆ ಪಂಡಿತರ ಆಕ್ಷೇಪವು ದುಂಡಸಿಯಂಥ ಊರುಗಳ ಭಜನಾಮೇಳಗಳಿಗೆ ತಲುಪುವ ಮೊದಲೇ ಪೇಟಿಯು ತಲುಪಿಬಿಟ್ಟಿತ್ತು. ನಾಟಕದ ಕಂಪನಿಗಳಲ್ಲಿ ಕಾಲುಪೇಟಿಯಾಗಿ ಮೆರೆದು, ಸಣ್ಣಾಟದಲ್ಲಿ, ಪಾರಿಜಾತದಲ್ಲಿ, ಶಿವಭಜನೆಯಲ್ಲಿ ಕೈಪೇಟಿಯಾಗಿ ನೆಲೆನಿಂತು, ‘ಪೇಟಿ ಮಾಸ್ತರ’ ಎಂಬ ಹೊಸ ಗುರುವರ್ಗವನ್ನೇ ಅದು ಸೃಷ್ಟಿಸಿತು. ಊರ ಹುಡುಗರಿಗೆ ಸರಿಗಮವನ್ನು ಮೊದಲು ಕಲಿಸಿದವರು ಈ ಮಾಸ್ತರರೇ.

ಘನವಾದ್ಯಗಳಲ್ಲಿ ಹೇಳಬೇಕಾದುದು ಸ್ವಲ್ಪ. ಭಜನೆಯ ತಾಳ, ದಾಸರ ಚಿಟಿಕೆ, ಗುಡಿಯ ಜಾಗಟೆ, ಕಾಲಿನ ಗೆಜ್ಜೆ ಎಲ್ಲೆಡೆಯಂತೆ ಇಲ್ಲಿಯೂ ಇವೆ. ಕಛೇರಿಯ ಘಟವೂ ಮೋರ್ಚಿಂಗೂ ಇಲ್ಲಿ ಅಪರೂಪ.

ಗವಾಯಿಗಳು

ಹಾನಗಲ್ಲಿನ ವಿರಕ್ತಮಠದ ಕುಮಾರ ಶಿವಯೋಗಿಗಳು (1867–1930) 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದು ಧರ್ಮಪ್ರಚಾರಕ್ಕಾದರೂ, ಅವರ ದೃಷ್ಟಿಯು ಅಂಧನಾದ ಒಬ್ಬ ಹುಡುಗನ ಮೇಲೆ ಬಿದ್ದುದರಿಂದ ಸಂಗೀತದ ಚರಿತ್ರೆಗೂ ಒಂದು ತಿರುವು ಬಂದಿತು. ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಆ ಬಾಲಕನೇ ಮುಂದೆ ಗದುಗಿನ ಪಂಚಾಕ್ಷರ ಗವಾಯಿಗಳಾಗಿ, ಕರ್ನಾಟಕ ಹಿಂದುಸ್ಥಾನಿಗಳೆರಡನ್ನೂ ಕರಗತಮಾಡಿಕೊಂಡು ಉಭಯಗಾನವಿಶಾರದರೆನಿಸಿ, 1944ರಲ್ಲಿ ಲಿಂಗೈಕ್ಯರಾದರು. ಅವರ ಉತ್ತರಾಧಿಕಾರಿ ಪುಟ್ಟರಾಜ ಗವಾಯಿಗಳೂ (1914–2010) ಇದೇ ತಾಲ್ಲೂಕಿನ ದೇವಗಿರಿಯವರು, ಅವರೂ ಅಂಧರು. ಹಾರ್ಮೋನಿಯಂ, ತಬಲ, ಪಿಟೀಲು, ಸಾರಂಗಿ ಮೊದಲಾದ ಹಲವು ವಾದ್ಯಗಳಲ್ಲಿ ಸಮಾನ ಪ್ರಭುತ್ವವಿದ್ದ ಅವರ ಆಳ್ವಿಕೆಯಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅಂಧ ಅನಾಥ ಮಕ್ಕಳಿಗೆ ಅನ್ನದೊಡನೆ ವಾದ್ಯವನ್ನೂ ಕೊಟ್ಟಿತು. ಜಾತಿಯ ಕಸುಬಾಗಿ ಮಾತ್ರ ಇಳಿದುಬರುತ್ತಿದ್ದ ವಾದನವಿದ್ಯೆಯು ಕೇಳಿದವರಿಗೆಲ್ಲ ದೊರೆಯುವ ವಿದ್ಯೆಯಾದುದು ಇಂಥ ಆಶ್ರಮಗಳಿಂದ. ಪುಣ್ಯಾಶ್ರಮದಿಂದ ಹೊರಟ ಶಿಷ್ಯರು ಶಾಲೆಗಳಲ್ಲಿ ಸಂಗೀತಶಿಕ್ಷಕರಾಗಿ, ಪುರಾಣ ಕೀರ್ತನಗಳಲ್ಲಿ ಪೇಟಿ ತಬಲದವರಾಗಿ ಉತ್ತರ ಕರ್ನಾಟಕದ ಹಳ್ಳಿಗಳನ್ನು ತುಂಬಿದ್ದಾರೆ.

ಹಾನಗಲ್ಲಿನ ಹೆಸರನ್ನು ಭಾರತದಾದ್ಯಂತ ಒಯ್ದವರು ಗಂಗೂಬಾಯಿಯವರು (1913–2009). ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳು ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು ಕಿರಾಣಾ ಗಾಯಕಿಯ ಪ್ರತಿನಿಧಿಯಾದರು. ಒಂದೇ ಮನೆಯಲ್ಲಿ ಹಲಸಿನ ತಂಬೂರಿಯ ಕಾಲವು ಮುಗಿದು ಸೋರೆಯ ತಂಬೂರಿಯ ಕಾಲವು ಮೊದಲಾದ ಈ ನಿದರ್ಶನವು ಸೀಮೆಯ ಸಂಗೀತಚರಿತ್ರೆಯನ್ನೇ ಸಂಕ್ಷೇಪಿಸಿದಂತಿದೆ.

ಇಂದಿನ ಸ್ಥಿತಿ

2011ರಲ್ಲಿ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪಿತವಾದುದು ಈ ವಾದ್ಯಗಳ ಅಧ್ಯಯನಕ್ಕೆ ಒದಗಿದ ದೊಡ್ಡ ಅನುಕೂಲ. ದೊಡ್ಡಾಟದ ಪುನರುಜ್ಜೀವನಕ್ಕೆ ಶ್ರಮಿಸಿದ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರ ಕಲ್ಪನೆಯಿಂದ ಅದೇ ಊರಿನ ಬಳಿ ರೂಪುಗೊಂಡ ಶಿಲ್ಪೋದ್ಯಾನದಲ್ಲಿ ಹಳ್ಳಿಯ ಬದುಕಿನ ಪ್ರತಿರೂಪಗಳನ್ನು ಕಾಣಬಹುದು. ಡೊಳ್ಳು ಇಂದು ವೇದಿಕೆಯನ್ನೇರಿ ಮಹಿಳಾ ತಂಡಗಳ ಹೆಗಲಿಗೂ ಬಂದಿದೆ. ಇದು ಸಂತೋಷದ ಸಂಗತಿ. ಹಲಗೆಗೆ ಬೆಂಕಿಯ ಹಂಗಿಲ್ಲದ ಪ್ಲಾಸ್ಟಿಕ್ ಹಾಳೆಯೂ, ತಂಬೂರಿಗೆ ವಿದ್ಯುತ್ತಿನ ಶ್ರುತಿಪೆಟ್ಟಿಗೆಯೂ ಬಂದಿವೆ. ಮಳೆಗಾಲದ ಮೆರವಣಿಗೆಯಲ್ಲಿ ಪ್ಲಾಸ್ಟಿಕ್ ಹಲಗೆಯು ತೊಗಲಿನದಕ್ಕಿಂತ ಅನುಕೂಲವೆಂಬುದನ್ನು ಅಲ್ಲಗಳೆಯಲಾಗದು, ಅದರ ಧ್ವನಿಯು ಒರಟೂ ಏಕರೂಪವೂ ಆಗಿದೆಯೆಂಬುದನ್ನೂ ಅಷ್ಟೇ.

ಸಂಗ್ರಾಹಕರು ಹಾಡುಗಳನ್ನು ಬರೆದುಕೊಂಡಷ್ಟು ಶ್ರದ್ಧೆಯಿಂದ ವಾದ್ಯಗಳ ಅಳತೆಯನ್ನು ಬರೆದುಕೊಂಡಿಲ್ಲ. ಯಾವ ಮರ, ಯಾವ ಪ್ರಾಣಿಯ ತೊಗಲು, ಹೊಳವಿನ ವ್ಯಾಸವೆಷ್ಟು, ಸುಣ್ಣದ ನೀರಿನಲ್ಲಿ ತೊಗಲು ನೆನೆದ ದಿನಗಳೆಷ್ಟು ಎಂಬುದನ್ನು ಬಾರಿಸುವವನೂ ಕೆಲವು ವೇಳೆ ಹೇಳಲಾರ, ಮಾಡುವವನೇ ಹೇಳಬೇಕು. ಈ ಸೀಮೆಯಲ್ಲಿ ಮುಂದೆ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಕಲಾವಿದರ ಮನೆಗೆ ಹೋದಂತೆ ಬಡಿಗರ, ಸಮಗಾರರ ಮನೆಗಳಿಗೂ ಹೋಗಿ, ಅವರ ಹೆಸರನ್ನೂ ಅವರು ಬಳಸುವ ಅಳತೆಯನ್ನೂ ದಾಖಲಿಸಬೇಕು.